ನಿಮ್ಮ ಮಾಡಿನ ಹೆಸರಿನಲ್ಲಿ 78,000 ರೂಪಾಯಿ ಉಂಟು. ಬಿಲ್ಲಿನಲ್ಲಿ ಹೆಸರು ಯಾರದ್ದು?

ಕುಕ್ಕುಂದೂರು, ಜೋಡುರಸ್ತೆ, ಗಣಿತನಗರದ ಬಂಧುಗಳೇ,

ಈ ಕಾಗದವನ್ನು ಮಡಚಿ ಕಿಸೆಗೆ ಹಾಕುವ ಮೊದಲು ಹೋದ ತಿಂಗಳ ಕರೆಂಟು ಬಿಲ್ ಹುಡುಕಿ. ಕ್ಯಾಲೆಂಡರಿನ ಹಿಂದೆಯೋ ಮೀಟರಿನ ಸಂದಿಯಲ್ಲೋ ಇರುತ್ತದೆ. ಅಕ್ಷರ ಮಾಸಿದ್ದರೆ ಬೆಳಕಿಗೆ ಹಿಡಿಯಿರಿ. ನೋಡಬೇಕಾದದ್ದು ಎರಡೇ: ಯೂನಿಟ್ ಎಷ್ಟು, ಹೆಸರು ಯಾರದ್ದು.

ಮೊದಲು ಯೂನಿಟ್. ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ ಬರುತ್ತಿದ್ದರೆ ಸಂತೋಷ, ಈ ಕರಪತ್ರವನ್ನು ಪಕ್ಕದ ಮನೆಗೆ ದಾಟಿಸಿ. ನಮ್ಮ ಮಾತು ತಿಂಗಳಿಗೆ 200 ಯೂನಿಟ್ ದಾಟಿಸುವವರ ಹತ್ತಿರ. 200 ದಾಟಿದ ತಿಂಗಳು ರಿಯಾಯಿತಿ ಇಲ್ಲ, ಇಡೀ ಬಿಲ್ಲು ನಮ್ಮ ತಲೆಗೆ. ಮಾರ್ಚ್ ಬಂತೆಂದರೆ ಕಾರ್ಕಳದ ಬಂಡೆ ಕಾದು ರಾತ್ರಿಯೂ ಸೆಕೆ ಬಿಡುವುದಿಲ್ಲ. ಮಹಡಿಯಲ್ಲಿ ಒಂದು ಎಸಿ, ಬಾವಿಗೆ ಪಂಪು, ಎರಡು ಫ್ರಿಜ್ ಇರುವ ಮನೆಯವರಿಗೆ ನಾವು ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಅದೇ ಬಿಸಿಲಿನಲ್ಲಿ ನಾವು ಅಡಿಕೆ ಒಣಗಿಸುತ್ತೇವೆ, ಹಪ್ಪಳ ಹಾಕುತ್ತೇವೆ, ಕೊಬ್ಬರಿ ಮಾಡುತ್ತೇವೆ. ಕರೆಂಟು ಮಾಡಲು ಸರ್ಕಾರ ದುಡ್ಡು ಕೊಡುತ್ತೇನೆಂದರೆ ಮಾತ್ರ ಅನುಮಾನ!

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಲೆಕ್ಕ ಹೀಗೆ. 1 ಕಿಲೋವಾಟ್ ಸೋಲಾರ್ ಹಾಕಿದರೆ 30,000 ರೂಪಾಯಿ, 2 ಕಿಲೋವಾಟಿಗೆ 60,000, 3 ಕಿಲೋವಾಟ್ ಮತ್ತು ಅದಕ್ಕಿಂತ ದೊಡ್ಡದಕ್ಕೆ 78,000. ದೇಶದಲ್ಲಿ ಒಂದು ಕೋಟಿ ಮನೆ ಮುಟ್ಟುವ ಗುರಿ, 2026-27ರ ಆರ್ಥಿಕ ವರ್ಷದವರೆಗೆ ಅವಧಿ. ಒಂದು ಕಿಲೋವಾಟಿಗೆ ನೆರಳಿಲ್ಲದ ನೂರು ಚದರಡಿ ಜಾಗ ಬೇಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಹುಟ್ಟುತ್ತದೆ. ಆಟಿ ತಿಂಗಳಲ್ಲಿ ಅಷ್ಟು ಹುಟ್ಟುವುದಿಲ್ಲ, ಸುಳ್ಳು ಹೇಳುವುದು ಬೇಡ.

3 ಕಿಲೋವಾಟಿಗೆ ನಿಮಗೆ 1,80,000ದ ಕೊಟೇಶನ್ ಬಂತೆಂದು ಇಟ್ಟುಕೊಳ್ಳಿ. 78,000 ಕಳೆದರೆ ಉಳಿದದ್ದು 1,02,000. ಮಳೆಗಾಲದ ಕೊರತೆ ಸೇರಿಸಿಯೂ ತಿಂಗಳಿಗೆ 300 ಯೂನಿಟ್ ಸಿಕ್ಕಿ, ಯೂನಿಟಿಗೆ ಆರು ರೂಪಾಯಿ ಹಿಡಿದರೆ 1,800 ಉಳಿತಾಯ. ಐದು ವರ್ಷದೊಳಗೆ ಹಾಕಿದ್ದು ವಾಪಸು. ಪ್ಯಾನೆಲ್ ಬಾಳುವುದು ಇಪ್ಪತ್ತೈದು ವರ್ಷ. ಕೈಯಲ್ಲಿ ಅಷ್ಟು ಇಲ್ಲವೆಂದರೆ 3 ಕಿಲೋವಾಟಿನವರೆಗೆ ಅಡಮಾನವಿಲ್ಲದೆ ಕಡಿಮೆ ಬಡ್ಡಿಯ ಬ್ಯಾಂಕ್ ಸಾಲವೂ ಉಂಟು. 1928ರಲ್ಲಿ ದಿನಕ್ಕೆ ಎರಡಾಣೆ ಪಿಗ್ಮಿ ಕಟ್ಟಿಸಿಕೊಂಡು ಬ್ಯಾಂಕ್ ಬೆಳೆಸಿದ ಜಿಲ್ಲೆಯವರಿಗೆ ಕಂತು ಹೊಸದಲ್ಲ.

ಇನ್ನು, ಮಾರಾಟಕ್ಕೆ ಬಂದವರು ಬಾಯಿಬಿಟ್ಟು ಹೇಳದ ಎರಡು ಮಾತು.

ಹಗಲು ನಿಮ್ಮಲ್ಲಿ ಹೆಚ್ಚಾದ ಕರೆಂಟು ಮೆಸ್ಕಾಂ ಲೈನಿಗೆ ಹೋಗುತ್ತದೆ, ರಾತ್ರಿ ಅಲ್ಲಿಂದ ವಾಪಸು ಬರುತ್ತದೆ. ಹೋದದ್ದು ಬಂದದ್ದು ಎರಡನ್ನೂ ನೆಟ್ ಮೀಟರ್ ಬರೆದಿಡುತ್ತದೆ. ಆದರೆ ಕೊನೆಗೆ ಉಳಿಯುವ ಹೆಚ್ಚುವರಿ ಯೂನಿಟಿಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ಬಹಳ ಕಡಿಮೆ. 2013ರಲ್ಲಿ ಯೂನಿಟಿಗೆ 9 ರೂಪಾಯಿ 56 ಪೈಸೆ ಸಿಗುತ್ತಿತ್ತಲ್ಲ ಎನ್ನುವವರು ಇದ್ದಾರೆ. ಆ ಕಾಲ ಮುಗಿಯಿತು ಮಾರಾಯ್ರೆ. ನಿಮ್ಮ ಖರ್ಚು ಎಷ್ಟೋ ಅಷ್ಟೇ ಹಾಕಿ. ಕರೆಂಟು ಮಾರಿ ದುಡ್ಡು ಮಾಡುತ್ತೇನೆಂದು 10 ಕಿಲೋವಾಟ್ ಹಾಕಬೇಡಿ. ನಿಗದಿತ ಶುಲ್ಕವಂತೂ ಹೇಗೂ ಬಿಲ್ಲಿನಲ್ಲಿ ಬರುತ್ತದೆ.

ಎರಡನೆಯದು ಇನ್ನೂ ಮುಖ್ಯ. ಬ್ಯಾಟರಿ ಇಲ್ಲದ ಈ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ಆಫ್ ಆಗುತ್ತದೆ. ಮರ ಬಿದ್ದು ತಂತಿ ಕಡಿದ ದಿನ ಲೈನ್‌ಮ್ಯಾನ್ ಕಂಬ ಹತ್ತಿರುತ್ತಾನೆ, ನಿಮ್ಮ ಮಾಡಿನಿಂದ ಕರೆಂಟು ಹರಿದು ಅವನ ಜೀವಕ್ಕೆ ಕುತ್ತು ಬರಬಾರದೆಂದೇ ಈ ವ್ಯವಸ್ಥೆ. ಹಾಗಾಗಿ ಜೂನ್ ತಿಂಗಳ ಕತ್ತಲಿಗೆ ಇದು ಮದ್ದಲ್ಲ. ಅದಕ್ಕೆ ನಿಮ್ಮ ಹಳೆಯ ಇನ್ವರ್ಟರ್ ಇರಲಿ.

ತೆಂಗಿನ ಗರಿಯ ನೆರಳು ಒಂದು ಪ್ಯಾನೆಲಿನ ಮೇಲೆ ಬಿದ್ದರೂ ಜೊತೆಯ ಪ್ಯಾನೆಲುಗಳೂ ಸೊರಗುತ್ತವೆ. ಹಂಚಿನ ಮಾಡಿಗಿಂತ ತಾರಸಿ ಸುಲಭ. ತಾರಸಿಗೆ ಶೀಟು ಹೊದೆಸಿದವರು ಕಬ್ಬಿಣದ ಚೌಕಟ್ಟು ಗಾಳಿಗೆ ತಡೆದೀತೇ ಎಂದು ಕೇಳಿಯೇ ಒಪ್ಪಬೇಕು.

ಈಗ ಬಿಲ್ಲಿನ ಹೆಸರಿಗೆ ಬನ್ನಿ. ಊರಿನ ಮುಕ್ಕಾಲು ಅರ್ಜಿ ಎಡವುವುದು ಇಲ್ಲೇ ಎಂಬುದು ನಮ್ಮ ಅಂದಾಜು.

ಇದನ್ನು ಬರೆಯುತ್ತಿರುವವನ ಮನೆಯ ಬಿಲ್ಲು ಇವತ್ತಿಗೂ ಬರುವುದು ಅಜ್ಜಿಯ ತಮ್ಮನ ಹೆಸರಿನಲ್ಲಿ. ಅವರು ಹೋಗಿ ಹತ್ತೊಂಬತ್ತು ವರ್ಷವಾಯಿತು. ಪ್ರತಿ ತಿಂಗಳು ಅವರ ಹೆಸರಿಗೆ ಬಿಲ್ಲು ಬರುತ್ತದೆ, ನಾವು ಕಟ್ಟುತ್ತೇವೆ, ಯಾರಿಗೂ ತೊಂದರೆ ಅನಿಸಲಿಲ್ಲ. ಸೋಲಾರಿಗೆ ಅರ್ಜಿ ಹಾಕಲು ಕುಳಿತಾಗ ಗೊತ್ತಾಯಿತು: ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅರ್ಜಿಯೂ ಅವರದ್ದೇ, ಸಬ್ಸಿಡಿ ಬೀಳುವ ಬ್ಯಾಂಕ್ ಖಾತೆಯೂ ಅವರದ್ದೇ ಆಗಬೇಕು. ಕುಟುಂಬದ ಮನೆಗಳಲ್ಲಿ ಮೀಟರ್ ಮಾವನ ಹೆಸರಿಗೆ, ಜಾಗ ದೊಡ್ಡಮ್ಮನ ಹೆಸರಿಗೆ, ವಾಸ ನಮ್ಮದು. ಹೆಸರು ಬದಲಿಸಲು ಮರಣಪತ್ರ ಬೇಕು, ವಂಶವೃಕ್ಷ ಬೇಕು, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಅವರಲ್ಲಿ ಅರ್ಧ ಜನ ಮುಂಬಯಿಯಲ್ಲಿ. ನಾಗರಪಂಚಮಿಗೋ ಭೂತಕ್ಕೋ ಊರಿಗೆ ಬಂದಾಗ, ಊಟದ ಎಲೆ ಎತ್ತುವ ಮೊದಲೇ ಸಹಿ ಹಾಕಿಸಿಕೊಳ್ಳಿ. ಆಮೇಲೆ ಬಸ್ಸು ಹತ್ತಿದರೆ ಮುಂದಿನ ವರ್ಷವೇ.

ಹೆಸರು ಸರಿಯಾದ ಮೇಲೆ ಉಳಿದದ್ದು ಕಷ್ಟವಲ್ಲ. ಯೋಜನೆಯ ಪೋರ್ಟಲಿನಲ್ಲಿ ಬಿಲ್ಲಿನ ಖಾತೆ ಸಂಖ್ಯೆ ಹಾಕಿ ನೋಂದಣಿ ಮಾಡಿ. ಅಲ್ಲಿ ನೋಂದಾಯಿತ ಮಾರಾಟಗಾರರಲ್ಲಿ ಇಬ್ಬರು ಮೂವರಿಂದ ಕೊಟೇಶನ್ ತೆಗೆದುಕೊಳ್ಳಿ. ಭಾರತದಲ್ಲೇ ತಯಾರಾದ ಸೆಲ್ಲಿನ ಪ್ಯಾನೆಲ್ ಎಂದು ಬಿಲ್ಲಿನಲ್ಲಿ ಬರೆಸಿ, ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಐದು ವರ್ಷದ ನಿರ್ವಹಣೆ ಅವರ ಹೊಣೆ, ಅದನ್ನೂ ಬರೆಸಿ. 2024ರ ತಿದ್ದುಪಡಿ ನಿಯಮದ ಪ್ರಕಾರ 10 ಕಿಲೋವಾಟಿನವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯ ಗೊಡವೆ ಇಲ್ಲ. ನೆಟ್ ಮೀಟರ್ ಕೂತು, ಮೆಸ್ಕಾಂ ತಪಾಸಣೆ ಮುಗಿದ ಮೇಲೆ ಹಣ ನೇರ ಖಾತೆಗೆ ಬರುತ್ತದೆ. ನಡುವೆ ಯಾರಾದರೂ ಸ್ಕೂಟರಿನಲ್ಲಿ ಬಂದು "ಸಬ್ಸಿಡಿ ಮಾಡಿಸಿ ಕೊಡ್ತೇವೆ, ಒಂದು ಓಟಿಪಿ ಹೇಳಿ" ಎಂದರೆ ಮಜ್ಜಿಗೆ ಕೊಟ್ಟು ಕಳುಹಿಸಿ, ಓಟಿಪಿ ಕೊಡಬೇಡಿ.

ಪಂಚಾಯತಿನವರಿಗೂ ಒಂದು ಮಾತು. ಊರಿನಲ್ಲಿ ಹಾಕಿಸಿದ ಒಂದೊಂದು ಮನೆಯ ಸೋಲಾರಿಗೆ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನವನ್ನು ಇದೇ ಯೋಜನೆಯಲ್ಲಿ ಇಡಲಾಗಿದೆ. ನೂರು ಮನೆಯಾದರೆ ಒಂದು ಲಕ್ಷ. ಹೆಸರು ಬದಲಾವಣೆಗೆ ಪಂಚಾಯತ್ ಕಚೇರಿಯಲ್ಲೇ ಒಂದು ದಿನದ ಶಿಬಿರ ಮಾಡಿ, ಮೆಸ್ಕಾಂನವರನ್ನೂ ಗ್ರಾಮ ಆಡಳಿತಾಧಿಕಾರಿಯನ್ನೂ ಒಂದೇ ಮೇಜಿನಲ್ಲಿ ಕೂರಿಸಿ. ನಮ್ಮ ಬೇಡಿಕೆ ಇದೊಂದೇ.

ಬರುವ ಗ್ರಾಮಸಭೆಗೆ ಬನ್ನಿ. ಭಾಷಣ ಬೇಡ. ಕೈಯಲ್ಲಿ ನಿಮ್ಮ ಬಿಲ್ಲು, ಅದರಲ್ಲಿರುವ ತೀರಿಹೋದವರ ಮರಣಪತ್ರದ ಒಂದು ಪ್ರತಿ ಇರಲಿ.

ಕುಕ್ಕುಂದೂರಿನ ಕೆಲವು ಕರೆಂಟು ಬಳಕೆದಾರರು

(ಓದಿ ಬಿಸಾಡಬೇಡಿ. ಹಿಂಬದಿ ಖಾಲಿ ಉಂಟು, ಕೊಟೇಶನ್ ಬರೆದುಕೊಳ್ಳಲು ಆಗುತ್ತದೆ.)