ಮಚ್ಚೆಯ ಪಕ್ಕದ ಅಳತೆಪಟ್ಟಿ

ಮೈಮೇಲೆ ಒಂದಾದರೂ ಮಚ್ಚೆ ಇಲ್ಲದವರು ಅಪರೂಪ. ಮನೆಯ ಹಿರಿಯರು ಅದನ್ನು ನೋಡಿ ಅದೃಷ್ಟ ಹೇಳುವುದುಂಟು. ಚರ್ಮರೋಗ ತಜ್ಞರ ಚಿಂತೆಯೇ ಬೇರೆ. ಸಾಧಾರಣ ಮಚ್ಚೆಯಂತೆ ತೋರುವುದು ಕೆಲವೊಮ್ಮೆ 'ಮೆಲನೋಮಾ' ಎಂಬ ಕ್ಯಾನ್ಸರ್ ಆಗಿರುತ್ತದೆ. ಬೇಗ ಗುರುತಿಸಿದರೆ ರೋಗಿ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಮೈಯೆಲ್ಲ ಹರಡಿದ ಮೇಲೆ ತೀರಾ ಕಡಿಮೆ.

ಈ ಎರಡರ ವ್ಯತ್ಯಾಸವನ್ನು ಕಂಪ್ಯೂಟರಿಗೆ ಕಲಿಸಲು ಹೊರಟವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಸಂಶೋಧನಾ ವಿದ್ಯಾರ್ಥಿ ಆಂದ್ರೆ ಎಸ್ಟೆವಾ ಮತ್ತು ಸಂಗಡಿಗರು. ಮಾರ್ಗದರ್ಶಕರು ಚಾಲಕನಿಲ್ಲದ ಕಾರಿನ ಪ್ರಯೋಗಗಳಿಂದ ಹೆಸರಾದ ಸೆಬಾಸ್ಟಿಯನ್ ಥ್ರನ್.

'ಅಂಚು ಅಂಕುಡೊಂಕಾಗಿದ್ದರೆ ಅಪಾಯ' ಎಂಬಂಥ ಯಾವ ಸೂತ್ರವನ್ನೂ ಅವರು ಯಂತ್ರಕ್ಕೆ ಹೇಳಿಕೊಡಲಿಲ್ಲ. ನಾಯಿ, ಬೆಕ್ಕು, ಪಾತ್ರೆ ಪಗಡಗಳ ಸುಮಾರು 12.8 ಲಕ್ಷ ಚಿತ್ರಗಳನ್ನು ನೋಡಿ ಪಳಗಿದ್ದ ಪ್ರೋಗ್ರಾಮಿಗೆ ಚರ್ಮದ 1,29,450 ಚಿತ್ರಗಳನ್ನು ರೋಗದ ಹೆಸರಿನೊಂದಿಗೆ ತೋರಿಸಿದರು. ಉತ್ತರ ತಪ್ಪಿದಾಗಲೆಲ್ಲ ಒಳಗಿನ ಅಂಕಿಗಳು ತುಸು ತುಸುವೇ ತಿದ್ದಿಕೊಳ್ಳುತ್ತವೆ. ಸಸ್ಯಶಾಸ್ತ್ರ ಓದದ ಹಳ್ಳಿಯ ಮಗು ಮಾವಿನ ಎಲೆ ಯಾವುದು, ಗೇರಿನ ಎಲೆ ಯಾವುದು ಎಂದು ಕಂಡು ಕಂಡೇ ಕಲಿಯುವುದಿಲ್ಲವೇ? ಹೆಚ್ಚುಕಡಿಮೆ ಹಾಗೆ.

ನಂತರ ಪರೀಕ್ಷೆ. ಬಯಾಪ್ಸಿಯಿಂದ ಖಚಿತವಾಗಿದ್ದ ಚಿತ್ರಗಳನ್ನು 21 ಚರ್ಮತಜ್ಞರ ಮುಂದೂ ಯಂತ್ರದ ಮುಂದೂ ಇಟ್ಟರು. ಯಂತ್ರ ತಜ್ಞರಿಗೆ ಸಾಟಿಯಾಗಿ ನಿಂತಿತು. 2017ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿದಾಗ ದೊಡ್ಡ ಸುದ್ದಿಯಾಯಿತು.

ಸ್ವಾರಸ್ಯವಿರುವುದು ಮುಂದೆ. ವೈದ್ಯರು ಅನುಮಾನ ಬಂದ ಗಂಟಿನ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಫೋಟೋ ತೆಗೆಯುವುದು ವಾಡಿಕೆ. ಹಾಗಾಗಿ ಕ್ಯಾನ್ಸರಿನ ಚಿತ್ರಗಳಲ್ಲಿ ಪಟ್ಟಿ ಹೆಚ್ಚಾಗಿತ್ತು. ಪಟ್ಟಿಯಿರುವ ಚಿತ್ರ ಕಂಡರೆ 'ಕ್ಯಾನ್ಸರ್' ಎನ್ನುವ ಒಲವು ಯಂತ್ರಕ್ಕೆ ಬಂದುಬಿಟ್ಟಿತ್ತು! ಪಾಠ ಓದದೆ ಗೈಡು ಉರುಹೊಡೆದು ಅಂಕ ಗಳಿಸುವ ವಿದ್ಯೆ ನಮ್ಮ ಮಕ್ಕಳಿಗಷ್ಟೇ ಗೊತ್ತು ಎಂದುಕೊಂಡಿದ್ದವರು ಇದನ್ನು ಗಮನಿಸಬೇಕು. 2018ರಲ್ಲಿ ತಂಡದವರೇ ಇದನ್ನು ಬರೆದು ಒಪ್ಪಿಕೊಂಡರು. ಆಸ್ಪತ್ರೆಯ ಮೆಟ್ಟಿಲು ಹತ್ತದವರು ಮನೆಯಲ್ಲೇ ತೆಗೆದ ಫೋಟೋದಲ್ಲಿ ಪಟ್ಟಿ ಎಲ್ಲಿಂದ ಬರಬೇಕು? ಅಂಥವರಿಗೆ 'ಭಯವಿಲ್ಲ' ಎಂಬ ತಪ್ಪು ಉತ್ತರ ಸಿಕ್ಕರೆ ಹೋಗುವುದು ಅಂಕವಲ್ಲ, ಜೀವ.

ಇನ್ನೊಂದು ಲೋಪ ಬಣ್ಣದ್ದು. ಇಂಥ ಸಂಗ್ರಹಗಳಲ್ಲಿ ಬಿಳಿಯರ ಚರ್ಮದ ಚಿತ್ರಗಳೇ ಹೆಚ್ಚು. 2022ರಲ್ಲಿ ಸ್ಟ್ಯಾನ್‌ಫರ್ಡಿನ ರೊಕ್ಸಾನಾ ದಾನೇಶ್‌ಜೂ ಮತ್ತಿತರರು 656 ಚಿತ್ರಗಳ ಮೇಲೆ ಬೇರೆ ಬೇರೆ ಪ್ರೋಗ್ರಾಮುಗಳನ್ನು ಒರೆಗೆ ಹಚ್ಚಿದಾಗ ಕಪ್ಪು ಚರ್ಮದ ಮೇಲೆ ಅವು ಎಡವಿದವು. ಅಂಥ ಚಿತ್ರಗಳನ್ನೂ ಸೇರಿಸಿ ಮತ್ತೆ ಕಲಿಸಿದ ಮೇಲೆ ಅಂತರ ತಗ್ಗಿತು. ಆದರೆ ಆ 656 ಚಿತ್ರಗಳಿಗಾಗಿ ಆಸ್ಪತ್ರೆಯ ಹಳೆಯ ಬಯಾಪ್ಸಿ ವರದಿಗಳನ್ನೆಲ್ಲ ಜಾಲಾಡಬೇಕಾಗಿ ಬಂತು.