ಪೆಟ್ಟಿಗೆಗೊಂದು ಮಿತಿ, ಮಮತೆಗೊಂದು ಮಿತಿ

ಪಾವಗಡ ತಾಲ್ಲೂಕಿನ ತಿರುಮಣಿಯಂಥ ಊರುಗಳ ಹಿರಿಯರೂ ಇಂದು ದೂರದ ಮಕ್ಕಳನ್ನು ಕಾಣಲು ವಿಮಾನವೇರುತ್ತಾರೆ. ಬೆಂಗಳೂರಿಗೆ ಹೊರಡುವ ಮುನ್ನಾದಿನ ಮನೆಯಲ್ಲಿ ತೂಕದ ಚಿಂತೆ ಆರಂಭವಾಗುತ್ತದೆ. ದೇಶದೊಳಗಿನ ಪ್ರಯಾಣಕ್ಕೆ ಸಾಮಾನ್ಯವಾಗಿ ಕೈಚೀಲಕ್ಕೆ 7 ಕಿಲೋ, ಪೆಟ್ಟಿಗೆಗೆ 15 ಕಿಲೋ ಮಿತಿ. ಚಾಕು ಕೈಚೀಲದಲ್ಲಿ ಇರಬಾರದು. ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು. ಊರಿನ ಕಡಲೆಬೀಜ, ಚಟ್ನಿಪುಡಿ, ಮೊಮ್ಮಕ್ಕಳ ಬಟ್ಟೆ ಎಂದು ತುಂಬಿದ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿ, ಒಂದೊಂದನ್ನೇ ತೆಗೆದಿಡುವಾಗ ಮನಸ್ಸು ನೋಯುತ್ತದೆ.

ಈ ನೋವನ್ನು ಶ್ರಾವಕನು ಗಮನಿಸಬೇಕು. ಆಚಾರ್ಯ ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ವಸ್ತುವಿನ ಮೇಲಿನ ಮಮತೆಯನ್ನೇ ಪರಿಗ್ರಹವೆಂದು ಹೇಳುತ್ತದೆ. ಆ ಮಮತೆಯನ್ನು ತಗ್ಗಿಸಲು ಗೃಹಸ್ಥನಿಗೆ ವಿಧಿಸಿರುವುದು ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣ: ತನಗೆಷ್ಟು ಸಾಕೆಂಬುದನ್ನು ತಾನೇ ಗೊತ್ತುಮಾಡಿಕೊಳ್ಳುವುದು. ವಿಮಾನದ ಮಿತಿಗೆ ಮರುಮಾತಿಲ್ಲದೆ ಒಪ್ಪುವವರೇ, ಮನೆಯ ಬೀರುವಿಗೆ ಮಿತಿ ಹಾಕಿಕೊಳ್ಳಿರೆಂದರೆ, ‘ಸಂಸಾರಸ್ಥರಿಗೆ ಅದು ಸಾಧ್ಯವೇ?’ ಎನ್ನುತ್ತಾರೆ. ಒಂದು ಪೆಟ್ಟಿಗೆಯಲ್ಲಿ ಹದಿನೈದು ದಿನ ಸುಖವಾಗಿ ಬಾಳಿ ಬಂದವರು ಹಾಗೆನ್ನುವುದು ಸರಿಯಲ್ಲ.

ಆದರೆ ಹೆಚ್ಚಿನ ಶುಲ್ಕಕ್ಕೆ ಹೆದರಿ ಬಿಟ್ಟದ್ದು ತ್ಯಾಗವಾಗದು. ಬಿಟ್ಟುಬಂದ ಸೀರೆಯ ಚಿಂತೆ ದಾರಿಯುದ್ದಕ್ಕೂ ಕಾಡಿದರೆ, ಸೀರೆ ಮನೆಯಲ್ಲಿದ್ದರೂ ಪರಿಗ್ರಹ ಜೊತೆಯಲ್ಲಿಯೇ ಬಂದಿತು. ಮಿತಿಮೀರಿದ ಗಂಟನ್ನು ಸಹಪ್ರಯಾಣಿಕರ ಕೈಗೆ ದಾಟಿಸುವುದೂ ವ್ರತಕ್ಕೆ ಒಪ್ಪುವಂಥದಲ್ಲ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು, ಈ ಮೂರರಿಂದಲೂ ಕರ್ಮಬಂಧವಾಗುತ್ತದೆ. ಇನ್ನು ವೃದ್ಧರ ಔಷಧ, ಕನ್ನಡಕ, ನೀರು ಸೋಸುವ ಬಟ್ಟೆ ಇವೆಲ್ಲ ಅಗತ್ಯದ ವಸ್ತುಗಳು. ವ್ರತದ ಹೆಸರಿನಲ್ಲಿ ಅವನ್ನು ಬಿಟ್ಟು ನರಳಬೇಕಾಗಿಲ್ಲ.

ತುಮಕೂರಿನ ಬಳಿಯ ಮಂದರಗಿರಿಯಲ್ಲಿ ಪಿಂಛಿಯ ಆಕಾರದ ಗುರುಮಂದಿರವಿದೆ. ಜೀವದಯೆಗೆ ಪಿಂಛಿ, ಶುಚಿಗೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ದಿಗಂಬರ ಮುನಿಗಳ ಬಳಿ ಇರುವುದು ಇಷ್ಟೇ. ಗೃಹಸ್ಥನಿಂದ ಧರ್ಮವು ಅಷ್ಟನ್ನು ನಿರೀಕ್ಷಿಸುವುದಿಲ್ಲ. ಪ್ರಯಾಣದಿಂದ ಮರಳಿದ ಮೇಲೆ ಅವನು ಒಮ್ಮೆ ಬೀರುವನ್ನು ತೆರೆದು ನೋಡಲಿ. ಆ ಹದಿನೈದು ದಿನ ನೆನಪಿಗೂ ಬಾರದ ಬಟ್ಟೆಪಾತ್ರೆಗಳಲ್ಲಿ ಬೇಡವಾದವನ್ನು ಇಲ್ಲದವರಿಗೆ ಕೊಟ್ಟು, ಇನ್ನು ಇಷ್ಟು ಸಾಕೆಂದು ಜಿನಬಿಂಬದ ಮುಂದೆ ಸಂಕಲ್ಪಿಸಲಿ. ಪರಿಗ್ರಹ ಪರಿಮಾಣವು ಅಲ್ಲಿಂದ ಆರಂಭವಾಗುತ್ತದೆ.