ಕಥೆ ಬರೆಯಬಯಸುವ ಗೃಹಿಣಿಯರಿಗೆ

ನಂದಿನಿ ಲೇಔಟಿನಂತಹ ಬಡಾವಣೆಗಳ ಶರಣ ಕುಟುಂಬಗಳಿಂದ, ವಿಶೇಷವಾಗಿ ಗೃಹಿಣಿಯರಿಂದ, ನಮ್ಮ ಕೈಸೇರುವ ಕಥೆಗಳಲ್ಲಿ ಒಂದು ಸಾಮಾನ್ಯ ಲಕ್ಷಣವುಂಟು. ಮೊದಲ ಪುಟಗಳಲ್ಲಿ ಬದುಕಿರುತ್ತದೆ. ಕೊನೆಯ ಪುಟದಲ್ಲಿ ಉಪನ್ಯಾಸವಿರುತ್ತದೆ. ಅತ್ತೆ ಪಶ್ಚಾತ್ತಾಪಪಡುತ್ತಾಳೆ, ಸೊಸೆ ಕಣ್ಣೊರೆಸಿಕೊಳ್ಳುತ್ತಾಳೆ, ಹಿರಿಯರೊಬ್ಬರು ನೀತಿ ಹೇಳಿ ಮುಗಿಸುತ್ತಾರೆ. ನಡೆದುದನ್ನು ನಡೆದಂತೆ ಬರೆದರೆ ಮನೆಯವರು ಗುರುತು ಹಿಡಿದಾರೆಂಬ ಅಂಜಿಕೆಯೇ ಇದಕ್ಕೆ ಕಾರಣ.

ಈ ಅಂಜಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಎಂ.ಕೆ. ಇಂದಿರಾ ಅವರನ್ನು ನೆನೆಯಿರಿ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಜನಿಸಿದ ಅವರ ಶಾಲೆಯ ಓದು ಅಲ್ಪ. ಕಾದಂಬರಿಗೆ ಕೈಹಾಕಿದ್ದು ನಲವತ್ತು ದಾಟಿದ ಮೇಲೆ. ಮೊದಲ ಕಾದಂಬರಿ ‘ತುಂಗಭದ್ರ’ ಪ್ರಕಟವಾದದ್ದು 1963ರಲ್ಲಿ. ‘ಫಣಿಯಮ್ಮ’ದಲ್ಲಿ ಅವರು ತಮ್ಮ ಬಂಧುವರ್ಗದ ಬಾಲವಿಧವೆಯೊಬ್ಬಳ ಬದುಕನ್ನೇ ಎತ್ತಿಕೊಂಡರು. ಎಲ್ಲಿಯೂ ಯಾರನ್ನೂ ನಿಂದಿಸಲಿಲ್ಲ. ಆಕೆ ಏನು ಮಾಡಿದಳು, ಏನನ್ನು ಸಹಿಸಿದಳು ಎಂಬುದನ್ನಷ್ಟೇ ಹೇಳಿದರು. ಓದಿದವರು ತಾವಾಗಿ ತಲೆತಗ್ಗಿಸಿದರು.

ಅದು ಬೇರೆಯವರ ಮನೆಯ ಮಾತು ಎನ್ನುವಂತಿಲ್ಲ. ಸ್ತ್ರೀಗೆ ಶರಣರು ಸಮಾನ ಸ್ಥಾನವಿತ್ತರೆಂದು ನಾವು ವೇದಿಕೆಯ ಮೇಲೆ ಹೇಳುತ್ತೇವೆ. ಮದುವೆಯ ಮನೆಯಲ್ಲಿ ಅರಿಸಿನ ಕುಂಕುಮದ ತಟ್ಟೆ ಮಾತ್ರ ಗಂಡನಿಲ್ಲದವಳನ್ನು ದಾಟಿ ಮುಂದೆ ಹೋಗುತ್ತದೆ. ಅವಳ ಕೊರಳಲ್ಲಿಯೂ ಅದೇ ಇಷ್ಟಲಿಂಗವಿದೆ. ಕಥೆ ಇರುವುದು ಇಲ್ಲಿ. “ಇದು ಅನ್ಯಾಯ” ಎಂದು ಬರೆಯಬೇಡಿ. ತಟ್ಟೆ ಹಿಡಿದವಳ ಕಣ್ಣು ಎತ್ತ ಹೊರಳಿತು, ಕಂಬದ ಮರೆಯಲ್ಲಿದ್ದವಳ ಕೈ ಏನು ಮಾಡಿತು, ಅಷ್ಟನ್ನು ಬರೆಯಿರಿ.

ಗುರುತು ಮರೆಸಲು ಹೆಸರು ಬದಲಿಸಿದರೆ ಸಾಲದು. ಊರು, ಕಸುಬು, ಮಕ್ಕಳ ಸಂಖ್ಯೆ ಎಲ್ಲವನ್ನೂ ಬದಲಿಸಿ. ಇಬ್ಬರನ್ನು ಕೂಡಿಸಿ ಒಬ್ಬರನ್ನಾಗಿಸಿ. ನೋವಿನ ಕಾರಣವನ್ನು ಮಾತ್ರ ಬದಲಿಸಬೇಡಿ, ಅದು ಹೋದರೆ ಕಥೆಯೇ ಹೋಯಿತು. ಆ ವ್ಯಕ್ತಿ ಬದುಕಿದ್ದರೆ ಅಚ್ಚಿಗೆ ಕಳಿಸುವ ಮುನ್ನ ಅವರಿಗೆ ಓದಿ ಹೇಳುವುದು ಲೇಸು. ಬೇಡವೆಂದರೆ? ತಡೆಯಿರಿ. ನಮ್ಮ ಮಾಸಿಕದ ನಾಲ್ಕು ಪುಟಕ್ಕಿಂತ ಅವರ ನೆಮ್ಮದಿ ದೊಡ್ಡದು. (ಎಲ್ಲ ಸಾಹಿತಿಗಳೂ ಇದನ್ನು ಒಪ್ಪಲಾರರು.)

ಸಂಭಾಷಣೆಯ ವಿಷಯ. ಧಾರವಾಡದಿಂದಲೋ ಕಲಬುರಗಿಯಿಂದಲೋ ಬಂದು ಇಲ್ಲಿ ನೆಲೆಸಿದ ಅವ್ವ ಗ್ರಾಂಥಿಕ ಕನ್ನಡದಲ್ಲಿ ಅಳುವುದಿಲ್ಲ. ನಿರೂಪಣೆ ಶಿಷ್ಟವಾಗಿರಲಿ, ಅವಳ ಮಾತು ಅವಳದೇ ಇರಲಿ. ಗೀತಾ ನಾಗಭೂಷಣ ಅವರ ‘ಬದುಕು’ ಕಲಬುರಗಿಯ ನುಡಿಯನ್ನು ನೆಚ್ಚಿಯೇ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು.

ಮಾತಿನಿಂದ ವ್ಯಕ್ತಿತ್ವ ಕಟ್ಟುವುದನ್ನು ಕಲಿಯಲು ದೂರ ಹೋಗಬೇಕಿಲ್ಲ. ಶೂನ್ಯಸಂಪಾದನೆ ಅನೇಕ ಮನೆಗಳಲ್ಲಿಯೇ ಇದೆ. ಅನುಭವ ಮಂಟಪಕ್ಕೆ ಬಂದ ಅಕ್ಕನನ್ನು ಅಲ್ಲಮಪ್ರಭುಗಳು ಪ್ರಶ್ನಿಸುವ ಪ್ರಸಂಗವನ್ನು ಪೂಜೆಯ ದೃಷ್ಟಿಯನ್ನು ಒಂದು ಗಳಿಗೆ ಬದಿಗಿರಿಸಿ, ಬರಹಗಾರರಾಗಿ ಓದಿ. ಪ್ರಶ್ನೆಗಳು ನಿಷ್ಠುರವಾಗುತ್ತ ಹೋಗುತ್ತವೆ. ಅಕ್ಕನ ಎತ್ತರ ನಮಗೆ ತಿಳಿಯುವುದು ಅವಳ ಉತ್ತರಗಳಿಂದ.

ಬರೆದುದನ್ನು ಒಂದು ತಿಂಗಳು ಪೆಟ್ಟಿಗೆಯಲ್ಲಿಡಿ. ಅನಂತರ ತೆಗೆದು, ಗಟ್ಟಿಯಾಗಿ ಓದಿ, ಮೊದಲು ಕೊನೆಯ ಪರಿಚ್ಛೇದವನ್ನು ಹೊಡೆದುಹಾಕಿ ನೋಡಿ. ಕಥೆ ಅದಿಲ್ಲದೆಯೂ ನಿಂತರೆ ಹಾಗೆಯೇ ನಮಗೆ ಕಳಿಸಿ.